ಒಂದೇ ಉಸಿರಿಗೆ ಮೂವತ್ತು ವರ್ಷ

ಆಡಳಿತ ಹೇಗಿರಬೇಕು ಅಂತ ಕಬಡ್ಡಿಯಷ್ಟು ಚೊಕ್ಕವಾಗಿ ಹೇಳಿಕೊಡುವ ಆಟ ಇನ್ನೊಂದಿಲ್ಲ. ಎದುರು ಅಂಕಣಕ್ಕೆ ನುಗ್ಗುವವನಿಗೆ ಸಿಗುವುದು ಒಂದೇ ಉಸಿರು, 30 ಸೆಕೆಂಡು. ಅಷ್ಟರಲ್ಲಿ ಮುಟ್ಟುವುದಿದ್ದರೆ ಮುಟ್ಟಬೇಕು, ಆಗದಿದ್ದರೆ ಬರಿಗೈಲಿ ಹಿಂದಿರುಗಬೇಕು. 'ಈ ಕಡೆ ಗಾಳಿ ಚೆನ್ನಾಗಿದೆ, ಅಭಿಮಾನಿಗಳ ಒತ್ತಾಯವೂ ಇದೆ, ಇನ್ನೊಂದು ಅವಧಿ ಇಲ್ಲೇ ಇರುತ್ತೇನೆ' ಅನ್ನುವ ಹಾಗಿಲ್ಲ. ಔಟಾದವನು ಗೆರೆಯಾಚೆ ಕೂರಬೇಕು. ತನ್ನ ತಂಡ ಎದುರಾಳಿಯನ್ನು ಔಟ್ ಮಾಡಿದಾಗ ಮತ್ತೆ ಒಳಗೆ ಬರಬಹುದು, ಅದೂ ಸರದಿಯಲ್ಲೇ. ಮೊದಲು ಔಟಾದವನು ಮೊದಲು. ನಡುವೆ ಶಾಸಕರ ಪತ್ರ ತಂದರೆ ನಡೆಯುವುದಿಲ್ಲ. ಎರಡು ಸಲ ಸುಮ್ಮನೆ ಹೋಗಿ ಬಂದ ತಂಡ ಮೂರನೇ ಸಲ ಅಂಕ ತರಲೇಬೇಕು, ತರದಿದ್ದರೆ ಹೋದವನು ಔಟ್. ಅಧಿಕಾರದ ಅವಧಿ, ಕಡ್ಡಾಯ ವಿಶ್ರಾಂತಿ, ಸರದಿ, ಸಾಧನೆಯ ಲೆಕ್ಕ, ಎಲ್ಲವೂ 13 ಮೀಟರ್ ಉದ್ದ 10 ಮೀಟರ್ ಅಗಲದೊಳಗೆ ಮುಗಿದುಹೋಯಿತು.

ಈ ನೀತಿ ನಡೆಯುವುದು ಬಿಳಿ ಗೆರೆಯವರೆಗೆ. ಗೆರೆ ದಾಟಿದರೆ ಪೆಂಡಾಲು, ಪೆಂಡಾಲಿನಡಿ ಕುರ್ಚಿ, ಕುರ್ಚಿಯಲ್ಲಿ ಪದಾಧಿಕಾರಿಗಳು. ಅಲ್ಲಿ ನಡೆಯುವ ಕಬಡ್ಡಿಯೇ ಬೇರೆ. ಅಲ್ಲೊಬ್ಬರು ಉಸಿರು ಹಿಡಿದು ಒಳಗೆ ಹೋದರೆಂದರೆ ಮೂವತ್ತು ವರ್ಷ ಹೊರಗೆ ಬರುವುದಿಲ್ಲ. ಏಳು ಜನ ಸೇರಿ ಕಾಲು ಹಿಡಿದರೂ ಬರುವುದಿಲ್ಲ. ಹಾಗೆ ನೋಡಿದರೆ ಪೆಂಡಾಲಿನಲ್ಲಿ ಕಾಲು ಹಿಡಿಯುವವರು ಎಳೆದು ಹಾಕಲಿಕ್ಕೆ ಹಿಡಿಯುವುದೂ ಇಲ್ಲ ಬಿಡಿ.

ಉತ್ಪ್ರೇಕ್ಷೆ ಅನ್ನಿಸಿದರೆ ರಾಷ್ಟ್ರಮಟ್ಟದ ಕಡೆ ನೋಡಿ. ದೇಶದ ಕಬಡ್ಡಿಗೆಲ್ಲ ಯಜಮಾನಿಕೆ ವಹಿಸಿರುವ ಸಂಸ್ಥೆಯ ಹೆಸರು ಅಮೆಚೂರ್ ಕಬಡ್ಡಿ ಫೆಡರೇಷನ್ ಆಫ್ ಇಂಡಿಯಾ. ರಾಜಸ್ಥಾನದ ರಾಜಕಾರಣಿ ಜನಾರ್ದನ ಸಿಂಗ್ ಗೆಹ್ಲೋಟ್ 1984ರಲ್ಲಿ ಅದರ ಅಧ್ಯಕ್ಷರಾದರು. 2013ರ ತನಕ ಅವರೇ. ಕಬಡ್ಡಿ 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್ ಸೇರಿದ್ದು ಅವರ ಕಾಲದಲ್ಲೇ, ಆ ಹಿರಿಮೆಯನ್ನು ಕಿತ್ತುಕೊಳ್ಳಬಾರದು. ಆದರೆ 2011ರಲ್ಲಿ ಕೇಂದ್ರ ಸರ್ಕಾರ ಕ್ರೀಡಾ ಸಂಹಿತೆ ಅಂತ ಒಂದನ್ನು ತಂದಿತು. 70 ದಾಟಿದವರು ಪದಾಧಿಕಾರಿ ಆಗುವಂತಿಲ್ಲ. ಅಧ್ಯಕ್ಷರಿಗೆ ಒಟ್ಟು 12 ವರ್ಷ ಸಾಕು. ಕಾರ್ಯದರ್ಶಿ, ಖಜಾಂಚಿ ಸತತ 8 ವರ್ಷ ಕೂತರೆ ಮುಂದಿನ 4 ವರ್ಷ ಹೊರಗೆ. ಗೆಹ್ಲೋಟ್ ಇಳಿದರು. ಇಳಿದವರು ಆಜೀವ ಅಧ್ಯಕ್ಷರಾದರು. ಖಾಲಿಯಾದ ಕುರ್ಚಿಗೆ ಅವರ ಶ್ರೀಮತಿಯವರು ಬಂದರು. ಒಂದು ಅಂಕ ಕಳೆದುಕೊಂಡು ಎರಡು ಅಂಕ ಗಳಿಸುವ ವಿದ್ಯೆ ಯಾವ ರೈಡರಿಗೂ ಬರುವುದಿಲ್ಲ.

ದೆಹಲಿ ಹೈಕೋರ್ಟು 2018ರ ಆಗಸ್ಟಿನಲ್ಲಿ ಎರಡನ್ನೂ ರದ್ದು ಮಾಡಿ ಆಡಳಿತಾಧಿಕಾರಿಯನ್ನು ಕೂರಿಸಿತು. ಅದೇ ಹೊತ್ತಿಗೆ ಜಕಾರ್ತಾ ಏಷ್ಯನ್ ಗೇಮ್ಸಿಗೆ ತಂಡ ಆರಿಸಿದ್ದೇ ಸರಿಯಿಲ್ಲ ಅನ್ನುವ ದೂರೂ ಇತ್ತು. ನ್ಯಾಯಾಲಯ ನಮ್ಮ ಹಳ್ಳಿಯ ಹಿರಿಯರು ಹೇಳಬಹುದಾದ ತೀರ್ಮಾನವನ್ನೇ ಹೇಳಿತು: ಹೋಗಿ ಬಂದವರೂ ಆಯ್ಕೆಯಲ್ಲಿ ಬಿಟ್ಟುಹೋದವರೂ ಸೆಪ್ಟೆಂಬರ್ 15ಕ್ಕೆ ಆಡಿ ತೋರಿಸಿ. ಬಿಟ್ಟುಹೋದವರು ಚಡ್ಡಿ ಬನಿಯನ್ನು ಹಾಕಿಕೊಂಡು ಬಂದರು. ಹೋಗಿ ಬಂದವರು ಬರಲೇ ಇಲ್ಲ. ಹೋಗಿ ಬಂದವರು ಜಕಾರ್ತಾದಿಂದ ತಂದದ್ದಾದರೂ ಏನು? ಗಂಡಸರ ತಂಡ ಸೆಮಿಫೈನಲಿನಲ್ಲಿ, ಹೆಂಗಸರ ತಂಡ ಫೈನಲಿನಲ್ಲಿ, ಎರಡೂ ಇರಾನಿನ ಕೈಯಲ್ಲಿ ಸೋತಿದ್ದವು. ಇರಾನಿನ ಹೆಂಗಸರಿಗೆ ತರಬೇತಿ ಕೊಟ್ಟವರು ನಮ್ಮವರೇ, ನಾಸಿಕದ ಶೈಲಜಾ ಜೈನ್!

ಇದೆಲ್ಲ ದೊಡ್ಡವರ ಸಮಾಚಾರ. ನನಗೆ ಚೆನ್ನಾಗಿ ಗೊತ್ತಿರುವುದು ನಮ್ಮ ತಾಲ್ಲೂಕು ಕಬಡ್ಡಿ ಸಂಘ. ನಾನದರ ಆಜೀವ ಸದಸ್ಯ. 101 ರೂಪಾಯಿ ಕಟ್ಟಿ ಸೇರಿದವನು, ಆಡಿದವನಲ್ಲ. ಆಡಿದವರಿಗೆ ಸಂಘದಲ್ಲಿ ಅಷ್ಟಾಗಿ ಕೆಲಸವಿರುವುದಿಲ್ಲ, ಮಂಡಿ ಸವೆದಿರುತ್ತದೆ, ಸಭೆಯಲ್ಲಿ ನೆಲದ ಮೇಲೆ ಕೂರಲಾಗುವುದಿಲ್ಲ.

ಸಂಘ ಅಂದರೆ ಕಾರ್ಯದರ್ಶಿಗಳು, ಕಾರ್ಯದರ್ಶಿಗಳು ಅಂದರೆ ಸಂಘ. ಮೊದಲೆಲ್ಲ ಸಂಘದ ಸಮಸ್ತ ಆಸ್ತಿ ಅವರ ಮನೆಯ ಬೀರುವಿನಲ್ಲಿತ್ತು: ನಡಾವಳಿ ಪುಸ್ತಕ, ರಬ್ಬರ್ ಸ್ಟ್ಯಾಂಪು, ಇಂಕು ಒಣಗಿದ ಪ್ಯಾಡು, ಅಧ್ಯಕ್ಷರು ಮೊದಲೇ ಸಹಿ ಮಾಡಿಟ್ಟ ಖಾಲಿ ಪ್ರಮಾಣಪತ್ರಗಳ ಒಂದು ಕಟ್ಟು. ಈ ಕಟ್ಟಿನ ಮಹಿಮೆ ಸಣ್ಣದಲ್ಲ. ರೈಲ್ವೆಯಲ್ಲೋ ಪೊಲೀಸಿನಲ್ಲೋ ಕ್ರೀಡಾ ಕೋಟಾದಡಿ ಅರ್ಜಿ ಹಾಕುವ ಹುಡುಗನಿಗೆ ಆ ಹಾಳೆಯೇ ಬದುಕು. ಆಡಿದ ಹುಡುಗನಿಗೆ ಅದು ಸಿಗಬೇಕಾದರೆ ಮೂರು ಸಲ ಓಡಾಡಬೇಕಿತ್ತು. ಆಡದ ಹುಡುಗನಿಗೆ ಎಷ್ಟು ಸಲ ಅಂತ ಕೇಳಬೇಡಿ, ಅಲ್ಲಿ ಓಡಾಟದ ಲೆಕ್ಕ ಇರಲಿಲ್ಲ. ಇಂಥದ್ದು ಒಂದು ತಾಲ್ಲೂಕಿನ ಕಥೆಯಲ್ಲ ಅಂತ ಮೇಲಿನವರಿಗೂ ಗೊತ್ತಿದ್ದಿರಬೇಕು. ಕ್ರೀಡಾ ಪ್ರಮಾಣಪತ್ರಗಳೆಲ್ಲ ಇನ್ನು ಡಿಜಿಲಾಕರಿನಲ್ಲೇ ಬರಬೇಕು ಅಂತ 2023ರಲ್ಲಿ ಕೇಂದ್ರದ ಕ್ರೀಡಾ ಸಚಿವಾಲಯ ಹೇಳಿತು. ಅಂದಿನಿಂದ ನಮ್ಮ ಕಾರ್ಯದರ್ಶಿಗಳ ಬಾಯಲ್ಲಿ ಒಂದೇ ಮಾತು: "ಕಾಲ ಬದಲಾಗ್ಯದೆ. ನಾವೂ ಸಾಫ್ಟ್‌ವೇರ್ ಮಾಡಿಸಬೇಕು."

ಮಾಡಿಸಿದರು. ಮಾಡಿದವನು ಅವರ ಭಾವಮೈದನ ಮಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಕೊಟೇಷನ್ ಕರೆಯಬೇಕಲ್ಲವೆ ಅಂತ ಖಜಾಂಚಿ ಕೇಳಿದ್ದಕ್ಕೆ, "ಕರೆದೆ. ಅವನೇ ಬಂದ" ಅಂದರು. ಆಟಗಾರರ ನೋಂದಣಿ, ತಂಡಗಳ ನೋಂದಣಿ, ಪಂದ್ಯಾವಳಿಯ ಡ್ರಾ, ಅಂಕಪಟ್ಟಿ, ಎಲ್ಲವೂ ಬೆರಳ ತುದಿಯಲ್ಲಿ. ಉದ್ಘಾಟನೆಗೆ ದೀಪ ಹಚ್ಚಿ, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಮೌಸಿಗೆ ಹೂವು ಮುಡಿಸಿದರು. ಶಾಸಕರು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೊದಲನೇ ವರ್ಷ ಸುಮಾರಾಗಿ ನಡೆಯಿತು. ಎರಡನೇ ವರ್ಷ ಹುಡುಗ 'ಅಪ್‌ಗ್ರೇಡ್' ಅಂದ. ಹಳೆಯದರಲ್ಲಿ ಏನು ಕೊರತೆಯಿತ್ತು ಅಂತ ಯಾರೂ ಹೇಳಿರಲಿಲ್ಲ. ಬಣ್ಣ ಬದಲಾಗಿ, ಎಡಕ್ಕಿದ್ದ ಗುಂಡಿಗಳೆಲ್ಲ ಬಲಕ್ಕೆ ಬಂದವು. ಜೊತೆಗೆ, ಹಳೆಯ ಪಟ್ಟಿಯಿಂದ ಹೊಸ ಪಟ್ಟಿಗೆ ಹೆಸರು ದಾಟಿಸುವಾಗ ಏನೋ ಎಡವಟ್ಟಾಗಿ, ಜನ್ಮದಿನಾಂಕ ಸರಿಯಾಗಿ ತುಂಬದ ಹುಡುಗರೆಲ್ಲ 1900ನೇ ಇಸವಿ ಜನವರಿ ಒಂದರಂದು ಹುಟ್ಟಿದವರಾದರು. ಹದಿನಾರರೊಳಗಿನ ಬಾಲಕರ ತಂಡಕ್ಕೆ ಹೆಸರು ಕೊಡಲು ಹೋದರೆ ಪರದೆ ಕೆಂಪಾಗಿ 'ವಯೋಮಿತಿ ಮೀರಿದೆ' ಅಂತ ಬರುತ್ತಿತ್ತು. ಮೀರಿದ್ದು ನಿಜ, ನೂರಕ್ಕೂ ಹೆಚ್ಚು ವರ್ಷ ಮೀರಿತ್ತು. ಮೀಸೆ ಚಿಗುರದ ಒಬ್ಬ ಪುಟ್ಟ ರೈಡರನ್ನು ಪೀಟಿ ಮೇಷ್ಟ್ರು ಕಂಪ್ಯೂಟರಿನ ಮುಂದೆ ನಿಲ್ಲಿಸಿ, "ಇವನ ಮುಖ ನೋಡಿ ಹೇಳಿ ಸ್ವಾಮಿ, ಗಾಂಧೀಜಿ ದಂಡಿಗೆ ಹೋದಾಗ ಇವನಿಗೆ ಮೂವತ್ತಾಗಿತ್ತಾ?" ಅಂತ ಕೇಳಿದರು. ಕಂಪ್ಯೂಟರು ಕದಲಲಿಲ್ಲ.

ಒಂದು ಸೋಜಿಗ ಹೇಳುತ್ತೇನೆ. ಎಷ್ಟು ಅಪ್‌ಗ್ರೇಡ್ ಆದರೂ ನಮ್ಮ ಅಧ್ಯಕ್ಷರ ವಯಸ್ಸು ಮಾತ್ರ ಆ ಸಾಫ್ಟ್‌ವೇರಿನಲ್ಲಿ 69 ದಾಟಿಲ್ಲ. ವಯಸ್ಸು ಕಡಿಮೆ ತೋರಿಸಿ ಬಂದ ಹುಡುಗರನ್ನು ಹಿಡಿದು ಹೊರಗೆ ಹಾಕುವ ಶಿಸ್ತು ಸಮಿತಿಗೂ ಅವರೇ ಅಧ್ಯಕ್ಷರು. ಹಲ್ಲು ಎಣಿಸಿ, ಮೂಳೆ ಪರೀಕ್ಷೆಗೆ ಕಳಿಸಿ ವಯಸ್ಸು ಕಂಡುಹಿಡಿಯುವ ಕಟ್ಟುನಿಟ್ಟು ಆಟಗಾರರಿಗಷ್ಟೇ. ಅಧ್ಯಕ್ಷರ ಹಲ್ಲು ಎಣಿಸಲು ಹೋದರೆ ಅದು ಕೈಗೇ ಬರುತ್ತದೆ, ಆ ಮಾತು ಬೇಡ.

ಓಟಿಪಿಯ ಪುರಾಣ ಇದಕ್ಕಿಂತ ದೊಡ್ಡದು. ಪೋರ್ಟಲಿನೊಳಗೆ ಹೋಗಬೇಕಾದರೆ ಓಟಿಪಿ ಬೇಕು, ಅದು ಬರುವುದು ಕಾರ್ಯದರ್ಶಿಗಳ ಫೋನಿಗೆ. ಕಾರ್ಯದರ್ಶಿಗಳು ಮದುವೆಗಳ ಮನುಷ್ಯ. ಮದುವೆ ಛತ್ರದಲ್ಲಿ ಸಿಗ್ನಲ್ ಇರುವುದಿಲ್ಲ. ಜಿಲ್ಲಾ ಮಟ್ಟಕ್ಕೆ ತಂಡದ ಪಟ್ಟಿ ಕಳಿಸುವ ಕೊನೆಯ ದಿನ, ಕೊನೆಯ ಗಂಟೆ, ಖಜಾಂಚಿಯ ಅಂಗಡಿಯಲ್ಲಿ ನಾವೆಲ್ಲ ಕೂತಿದ್ದೆವು.

"ಅಣ್ಣಾ, ನಿಮ್ಮ ಫೋನಿಗೊಂದು ಓಟಿಪಿ ಬಂದಿರಬೇಕು, ನೋಡಿ ಹೇಳಣ್ಣ."

"ಬಂದದೆ."

"ಎಷ್ಟು?"

"ಅದ್ಹೆಂಗಪ್ಪಾ ಹೇಳೋದು? ಓಟಿಪಿ ಯಾರ್ಗೂ ಹೇಳ್ಬೇಡಿ ಅಂತ ಇದರಲ್ಲೇ ಬರೆದವ್ರೆ."

ಎಷ್ಟು ಹೇಳಿದರೂ ಅವರು ಹೇಳಲಿಲ್ಲ. ಬ್ಯಾಂಕಿನವರು ಜಾಗೃತಿ ಶಿಬಿರದಲ್ಲಿ ಕಲಿಸಿದ್ದನ್ನು ತಾಲ್ಲೂಕಿನಲ್ಲಿ ಇಷ್ಟು ನಿಷ್ಠೆಯಿಂದ ಪಾಲಿಸಿದ ಮನುಷ್ಯ ಅವರೊಬ್ಬರೇ. ಕೊನೆಗೆ ಪೀಟಿ ಮೇಷ್ಟ್ರು ಬಿಳಿ ಹಾಳೆಯಲ್ಲಿ ಹನ್ನೆರಡು ಹುಡುಗರ ಹೆಸರು ಬರೆದು, ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದರು. ತಲುಪಿತು.

ಅಧಿಕಾರ ಎಲ್ಲಿದೆ ಅಂತ ನನಗೆ ಅರ್ಥವಾದದ್ದು ಆವತ್ತು. ಕುರ್ಚಿ ನೋಡಬಾರದು, ಶಾಲು ನೋಡಬಾರದು, ಫೋನು ನೋಡಬೇಕು. ಹಿಂದೆ ಸಂಘದಲ್ಲಿ ಪಟ್ಟ ಬದಲಾಯಿತೋ ಇಲ್ಲವೋ ತಿಳಿಯಬೇಕಾದರೆ ರಬ್ಬರ್ ಸ್ಟ್ಯಾಂಪು ಯಾರ ಮನೆಯಲ್ಲಿದೆ ಅಂತ ವಿಚಾರಿಸುತ್ತಿದ್ದರು. ಸ್ಟ್ಯಾಂಪಾದರೆ ಪೇಟೆಯಲ್ಲಿ ಇನ್ನೊಂದು ಮಾಡಿಸಬಹುದಿತ್ತು, ಹಾಗೆ ಮಾಡಿಸಿ ಎರಡೆರಡು ಸಂಘ ಕಟ್ಟಿದವರೂ ಇದ್ದಾರೆ. ಪಾಸ್‌ವರ್ಡಿಗೆ ಆ ಗತಿಯೂ ಇಲ್ಲ.

ಅಂಕ ಬರೆಯುವ ವಿಷಯಕ್ಕೆ ಬಂದರೆ, ನಮ್ಮಲ್ಲೊಬ್ಬ ಹಳೇ ಸ್ಕೋರರ್ ಇದ್ದಾರೆ. ಕಾಗದದ ಹಾಳೆ, ಕಿವಿಯಲ್ಲಿ ಸಿಕ್ಕಿಸಿದ ಪೆನ್ನು. ಒಂದು, ಎರಡು, ಮೂರು ಅಂತ ಅಚ್ಚಾದ ಅಂಕಿಗಳ ಮೇಲೆ ಗೀಟು ಹಾಕುತ್ತ ಹೋಗುವುದು, ಲೋನಾ ಬಿದ್ದರೆ, ಅಂದರೆ ಎದುರು ತಂಡವೆಲ್ಲ ಔಟಾದರೆ, ಎರಡು ಹೆಚ್ಚಿಗೆ ಹಾಕುವುದು. ಹೊನಲು ಬೆಳಕಿನ ಪಂದ್ಯದಲ್ಲಿ ಕರೆಂಟು ಹೋದರೂ ಬೆಂಕಿಕಡ್ಡಿ ಗೀರಿ ಗೀಟು ಹಾಕಿದವರು. ಹೋದ ಸಲ ಅವರನ್ನು ಪಕ್ಕಕ್ಕೆ ಕೂರಿಸಿ ಲ್ಯಾಪ್‌ಟಾಪ್ ಇಟ್ಟರು. ಸೆಮಿಫೈನಲಿನಲ್ಲಿ ಎರಡೂ ಕಡೆ ಸಮ ಅಂಕ, ಜನ ತುದಿಗಾಲಲ್ಲಿ. ಪರದೆಯ ಮೇಲೆ ನೀಲಿ ಬಣ್ಣ ಬಂತು, ಅದರಲ್ಲೊಂದು ಚಕ್ರ ತಿರುಗತೊಡಗಿತು, 'ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ' ಅನ್ನುವ ಅರ್ಥದ್ದೇನೋ ಇಂಗ್ಲಿಷಿನಲ್ಲಿ ಬಂತು. ತೀರ್ಪುಗಾರರು ಸೀಟಿ ಊದಿ ಆಟ ನಿಲ್ಲಿಸಿದರು. ರೈಡರ್ ಉಸಿರು ಬಿಟ್ಟ. ಮೈಕಿನವರು ಸಮಯ ಕಳೆಯಲು ದಾನಿಗಳ ಹೆಸರನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ಚಕ್ರ ನಿಲ್ಲುವಷ್ಟರಲ್ಲಿ ದಾನಿಗಳು ಮುಗಿದು, ಹೋಳಿಗೆ ಊಟದ ಪ್ರಾಯೋಜಕರೂ ಮುಗಿದಿದ್ದರು. ಪಕ್ಕಕ್ಕೆ ಕೂತ ಸ್ಕೋರರ್ ಮಾತ್ರ ಯಾರೂ ಹೇಳದಿದ್ದರೂ ತಮ್ಮ ಪಾಡಿಗೆ ಹಾಳೆಯಲ್ಲಿ ಗೀಟು ಹಾಕಿಕೊಂಡೇ ಬಂದಿದ್ದರು. ಆವತ್ತಿನ ಫಲಿತಾಂಶ ಆ ಹಾಳೆಯದ್ದೇ.

ತಾಲ್ಲೂಕು ಸಂಘ, ಹೀಗಾಗುತ್ತೆ, ದೊಡ್ಡ ಕಡೆ ಎಲ್ಲ ಸರಿಯಿರುತ್ತೆ ಅನ್ನುತ್ತೀರಾ? 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸಿನ ಫೈನಲ್ ನೆನಪು ಮಾಡಿಕೊಳ್ಳಿ. ಭಾರತ, ಇರಾನ್. 28–28. ಆಟ ಮುಗಿಯಲು ಸ್ವಲ್ಪವೇ ಹೊತ್ತು. ಪವನ್ ಸೆಹ್ರಾವತ್ ದಾಳಿಗೆ ಹೋದರು, ಯಾರನ್ನಾದರೂ ಮುಟ್ಟಿದ ಮೇಲಷ್ಟೇ ಕಾಲಿಡಬಹುದಾದ ಅಂಕಣದ ಪಕ್ಕದ ಪಟ್ಟಿಗೆ, ಅಂದರೆ ಲಾಬಿಗೆ, ಯಾರನ್ನೂ ಮುಟ್ಟದೆ ಕಾಲಿಟ್ಟರು. ಅವರ ಬೆನ್ನು ಹತ್ತಿದ ಇರಾನಿನ ಹುಡುಗರೂ ಲಾಬಿಗೆ ಬಂದರು. ಈಗ ಔಟಾದವರು ಯಾರು? ಹಳೇ ನಿಯಮದ ಪ್ರಕಾರ ಪವನ್ ಕೂಡ ಔಟ್, ಹಿಂದೆ ಬಂದವರೂ ಔಟ್. ಪ್ರೊ ಕಬಡ್ಡಿಯಲ್ಲಿ ರೂಢಿಯಾದ ಹೊಸ ನಿಯಮದ ಪ್ರಕಾರ ದಾಳಿಗೆ ಹೋದವನೊಬ್ಬನೇ ಔಟ್. ಅಲ್ಲಿ ನಡೆಯುತ್ತಿದ್ದದ್ದು ಯಾವ ನಿಯಮ? ಅಂಕ ಕೊಟ್ಟರು, ತಿದ್ದಿದರು, ಮತ್ತೆ ತಿದ್ದಿದರು. ಒಂದು ಸಲ ಇವರು ಅಂಕಣದಲ್ಲಿ ಕೂತರು, ಇನ್ನೊಂದು ಸಲ ಅವರು ಕೂತರು. ಹೆಚ್ಚುಕಡಿಮೆ ಒಂದು ಗಂಟೆ ಆಟ ನಿಂತಿತು. ನಾಲ್ಕು ಕಡೆಯಿಂದ ಕ್ಯಾಮೆರಾ, ಮರುಪರಿಶೀಲನೆಗೆ ಟೀವಿ, ಚಿನ್ನದ ಪದಕ, ಎಲ್ಲವೂ ಇತ್ತು. ನಿಯಮದ ಯಾವ ಆವೃತ್ತಿ ಹಾಕಿಕೊಂಡು ಬಂದಿದ್ದೇವೆ ಅನ್ನುವುದೊಂದೇ ಯಾರಿಗೂ ಖಚಿತವಿರಲಿಲ್ಲ. ಕೊನೆಗೆ ಭಾರತ 33–29ರಿಂದ ಗೆದ್ದಿತು, ನಾವು ಸಂತೋಷಪಟ್ಟೆವು. ಸೋತಿದ್ದರೆ ಇದೇ ಹರಟೆಯನ್ನು ನಾನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೆ.

ಆ ಹೊತ್ತಿಗೆ ಫೆಡರೇಷನ್ನಿನ ಮನೆಯಲ್ಲಿ ಇನ್ನೂ ಕೋರ್ಟಿನ ಆಡಳಿತಾಧಿಕಾರಿಯೇ ಇದ್ದರು. 2023ರ ಕೊನೆಗೆ ಚುನಾವಣೆ ನಡೆಯಿತು, ಗೆದ್ದವರೂ ಇದ್ದರು, ಬೀಗದ ಕೈ ಮಾತ್ರ ಸಿಗಲಿಲ್ಲ. ಚುನಾಯಿತರಿಲ್ಲದ ಸಂಸ್ಥೆ ಅಂತ ಅಂತರರಾಷ್ಟ್ರೀಯ ಫೆಡರೇಷನ್ ಮಾನ್ಯತೆಯನ್ನೇ ತಡೆಹಿಡಿದು, ಇರಾನಿನಲ್ಲಿ ನಡೆಯಬೇಕಿದ್ದ ಏಷ್ಯನ್ ಮಹಿಳಾ ಚಾಂಪಿಯನ್‌ಷಿಪ್ಪಿಗೆ ನಮ್ಮ ಹುಡುಗಿಯರು ಹೋಗುವುದೇ ಅನುಮಾನವಾಯಿತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಅಧಿಕಾರವನ್ನು ಚುನಾಯಿತರಿಗೆ ಒಪ್ಪಿಸಿ, ಮೊದಲು ಆಟಗಾರರು ಹೋಗಿ ಬರಲಿ ಅಂದಿತು. ಹುಡುಗಿಯರು ಮಾರ್ಚಿನಲ್ಲಿ ಟೆಹರಾನಿಗೆ ಹೋದರು, ಇರಾನನ್ನು ಅವರ ನೆಲದಲ್ಲೇ 32–25ರಿಂದ ಸೋಲಿಸಿ ಬಂದರು.

ಇಷ್ಟೆಲ್ಲ ಆದ ಮೇಲೆ ಅದೇ ವರ್ಷ ಆಗಸ್ಟಿನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಾಡಿತು. ಸಂಹಿತೆ ಹೋಗಿ ಕಾಯ್ದೆ. ಇದಕ್ಕೆ ಬೇಕಾದರೆ ಅಪ್‌ಗ್ರೇಡ್ ಅನ್ನಬಹುದು. ಕ್ರೀಡಾ ಮಂಡಳಿ, ಕ್ರೀಡಾ ನ್ಯಾಯಮಂಡಳಿ, ಚುನಾವಣೆಗೆಂದೇ ಒಂದು ಸಮಿತಿ. ಕಾರ್ಯಕಾರಿ ಸಮಿತಿಯಲ್ಲಿ 15 ಜನ ಮೀರಬಾರದು, ಅವರಲ್ಲಿ ಹೆಸರು ಮಾಡಿದ ಆಟಗಾರರು ಇಬ್ಬರಾದರೂ, ಹೆಂಗಸರು ನಾಲ್ವರಾದರೂ ಇರಬೇಕು. ನಮ್ಮ ಕಾರ್ಯದರ್ಶಿಗಳು ಪತ್ರಿಕೆಯಲ್ಲಿ ಇದನ್ನೆಲ್ಲ ಓದಿದರು. ಓದುತ್ತ ಓದುತ್ತ ಒಂದು ಕಡೆ ಅವರ ಮುಖ ಅರಳಿತು. ಅಂತರರಾಷ್ಟ್ರೀಯ ಸಂಸ್ಥೆಯ ನಿಯಮ ಒಪ್ಪುವುದಾದರೆ 70ರಿಂದ 75ರ ನಡುವಿನವರೂ ನಿಲ್ಲಬಹುದು ಅಂತ ಅದರಲ್ಲಿದೆ. "ಅಧ್ಯಕ್ಷರಿಗೆ ಫೋನ್ ಮಾಡು, ಇನ್ನು ಎಪ್ಪತ್ತಾದರೂ ತೊಂದರೆಯಿಲ್ಲ" ಅಂದರು. ಬಡಪಾಯಿ ಅಧ್ಯಕ್ಷರು ಅಷ್ಟು ಕಾಲದ ಮೇಲೆ ಒಂದು ವರ್ಷ ದೊಡ್ಡವರಾದರು.

ಕಾಯ್ದೆ ಬರೆದದ್ದು ರಾಷ್ಟ್ರಮಟ್ಟದ ಸಂಸ್ಥೆಗಳನ್ನು ಕಣ್ಣಲ್ಲಿಟ್ಟುಕೊಂಡು. ನಮ್ಮಂಥ ಸಂಘಗಳು ಇರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ನೆರಳಲ್ಲಿ: ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆ, ಸಮಿತಿಯ ಪಟ್ಟಿ ಮತ್ತು ಆಸ್ತಿ ಹೊಣೆ ತಃಖ್ತೆಯನ್ನು ನೋಂದಣಾಧಿಕಾರಿಗೆ ಕಳಿಸು. ಆದರೂ ಮೇಲಿನವರು ಕೇಳುವ ಮೊದಲೇ ನಾವು ಮಾಡಿ ತೋರಿಸೋಣ ಅಂತ ಕಾರ್ಯದರ್ಶಿಗಳಿಗೆ ಹುಮ್ಮಸ್ಸು. ನಾಲ್ವರು ಹೆಂಗಸರು ತಾನೆ? ಒಬ್ಬರು ಅವರ ಮನೆಯವರು, ಒಬ್ಬರು ಅಧ್ಯಕ್ಷರ ಸೊಸೆ, ಇನ್ನೊಬ್ಬರು ಶಾಮಿಯಾನ ಕೊಡುವವರ ತಂಗಿ. ನಾಲ್ಕನೆಯವರಿಗೆ ಮನೆಯಲ್ಲಿ ಯಾರೂ ಉಳಿದಿರಲಿಲ್ಲವಾಗಿ, ಬೇರೆ ದಾರಿ ಕಾಣದೆ, ಸರ್ಕಾರಿ ಪ್ರೌಢಶಾಲೆಯ ಪೀಟಿ ಮೇಡಮ್ಮನ್ನು ಹಾಕಿಕೊಂಡರು.

ಮೇಡಮ್ಮು ಕಬಡ್ಡಿ ಆಡಿದವರು. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಮೊತ್ತಮೊದಲು ಹೆಣ್ಣುಮಕ್ಕಳ ಕಬಡ್ಡಿಗೆ ಜಾಗ ಸಿಕ್ಕಿ, ನಮ್ಮ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಇದ್ದ ತಂಡ ಚಿನ್ನ ಗೆದ್ದಾಗ ಆಕೆ ಕಾಲೇಜು ತಂಡದಲ್ಲಿದ್ದವರು. ಮೊದಲ ಸಭೆಯಲ್ಲಿ ಬಿಸ್ಕತ್ತು ತಿನ್ನುವ ಹೊತ್ತಿಗೆ ಕೈ ಎತ್ತಿದರು.

"ಸರ್, ಹೆಣ್ಣುಮಕ್ಕಳ ತಂಡದ ಪ್ರಯಾಣ ಭತ್ಯೆ ಹೋದ ವರ್ಷದ್ದು ಬಂದಿಲ್ಲ. ಖರ್ಚಾಗಿದೆ ಅಂತ ಲೆಕ್ಕದಲ್ಲಿದೆ. ಯಾರಿಗೆ ಕೊಟ್ಟಿರಿ?"

ಸಭೆಯಲ್ಲಿ ಬಿಸ್ಕತ್ತು ಅಗಿಯುವ ಸದ್ದು ನಿಂತಿತು. ಕಾರ್ಯದರ್ಶಿಗಳು ಬಹಳ ಪ್ರೀತಿಯಿಂದ, "ಯಾಕಮ್ಮಾ, ಹಿಂಗೆ ಸಭೇಲಿ ಕೇಳಿ ನಿಷ್ಠುರ ಮಾಡ್ಕೊಳ್ತೀಯ? ಈಗ ಎಲ್ಲ ಪಾರದರ್ಶಕ. ಹೊಸ ಅಪ್‌ಗ್ರೇಡಿನಲ್ಲಿ ಕುಂದುಕೊರತೆ ಅಂತ ಒಂದು ಗುಂಡಿ ಇಟ್ಟಿಸಿದೀನಿ. ಒತ್ತು, ಬರಿ, ಕ್ರಮ ತಗೋತಾರೆ" ಅಂದರು.

ಮೇಡಮ್ಮು ಅಲ್ಲೇ ಫೋನು ತೆಗೆದು ಗುಂಡಿ ಒತ್ತಿದರು. ದೂರು ಯಾರ ಮೇಲೆ ಅನ್ನುವ ಜಾಗದಲ್ಲಿ 'ಕಾರ್ಯದರ್ಶಿ' ಅಂತ ಆರಿಸಿದರು. ಮೊತ್ತ ಬರೆದರು, ಹನ್ನೆರಡು ಹುಡುಗಿಯರ ಹೆಸರು ಬರೆದರು, ಬಸ್ಸಿನ ಟಿಕೆಟ್ಟುಗಳ ಫೋಟೋ ಸೇರಿಸಿದರು, ಸಲ್ಲಿಸು ಅಂತ ಒತ್ತಿದರು. ಕಾರ್ಯದರ್ಶಿಗಳ ಜೇಬಿನಲ್ಲಿ ಫೋನು ಟಿಂಗ್ ಅಂತು. ತೆಗೆದು, ಕನ್ನಡಕ ಏರಿಸಿ, ಸಭೆಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿದರು:

"ಒಂದು ಹೊಸ ದೂರು ಬಂದಿದೆ. ಇದನ್ನು ತಿರಸ್ಕರಿಸಲು ಒಂದು ಒತ್ತಿ."